ನಿದ್ದೆಯಲ್ಲಿ ದಾಟುವ ಕರಾವಳಿಯನ್ನು ಹಗಲಿನಲ್ಲಿ ನೋಡಿ ಬಂದೆವು

ಮುಂಬಯಿಯ ಹೊಟೇಲು ಉದ್ಯಮಿಗಳಿಗೆ ಪ್ರವಾಸವೆಂದರೆ ಎರಡೇ ಬಗೆ. ಒಂದು, ಊರಿನ ದೇವರ ಕಾರ್ಯ, ಮದುವೆ, ಗೃಹಪ್ರವೇಶಗಳಿಗೆ ಹೋಗಿ ಮೂರನೇ ದಿನ ಗಲ್ಲಾಕ್ಕೆ ಹಿಂತಿರುಗುವುದು. ಇನ್ನೊಂದು, ಮಕ್ಕಳ ಒತ್ತಾಯಕ್ಕೆ ಮಣಿದು ಸಿಂಗಾಪುರ, ದುಬಾಯಿ ಎಂದು ಟೂರ್ ಕಂಪೆನಿಯವರ ಬಾವುಟದ ಹಿಂದೆ ನಡೆಯುವುದು. ಇವೆರಡರ ನಡುವೆ ನಮ್ಮ ಗ್ರಾಂಟ್ ರೋಡಿಗೂ ನಮ್ಮ ಊರಿಗೂ ಮಧ್ಯೆ ಇರುವ ಎಂಟುನೂರು ಕಿಲೋಮೀಟರಿಗೂ ಹೆಚ್ಚಿನ ಕಡಲ ತೀರ ಮಾತ್ರ ನಮಗೆ ಅಪರಿಚಿತವಾಗಿಯೇ ಉಳಿದಿದೆ.

ಕಾರಣ ಸರಳ. ನಾವು 1985ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಖಾಸಗಿ ಬಸ್ಸು ಹತ್ತಿದಾಗ ಒಂದಿಡೀ ರಾತ್ರಿ ನಿದ್ದೆ, ಉಳಿದ ಹಗಲು ವಾಂತಿ. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ಉದ್ಘಾಟನೆಯಾದ ಮೇಲೆ ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಕು ಹರಿಯುವ ಹೊತ್ತಿಗೆ ಊರು. ಬಹಳ ಅನುಕೂಲವಾಯಿತು. ಆದರೆ ರತ್ನಾಗಿರಿ, ಸಿಂಧುದುರ್ಗ, ಗೋವಾ, ಕಾರವಾರ ಎಲ್ಲವೂ ಕತ್ತಲಲ್ಲಿ ಹಿಂದೆ ಸರಿಯುತ್ತವೆ. ನಾಲ್ಕು ದಶಕಗಳಲ್ಲಿ ಎಷ್ಟೋ ಸಲ ಹೋಗಿ ಬಂದರೂ ದಾರಿಯ ಊಟ ಹೇಗಿದೆ ಎಂದು ಕೇಳಿದರೆ ರೈಲಿನ ಆಮ್ಲೆಟ್ ಬಿಟ್ಟು ಬೇರೆ ಉತ್ತರವಿಲ್ಲ. ಊಟ ತಿಂಡಿಯಿಂದಲೇ ಬದುಕು ಕಟ್ಟಿಕೊಂಡವರಿಗೆ ಇದು ಒಪ್ಪುವ ಮಾತಲ್ಲ.

ಹಾಗಾಗಿ 2025ರ ಜನವರಿ ಕೊನೆಯಲ್ಲಿ ಒಂಬತ್ತು ದಿನ ಹೊಟೇಲನ್ನು ಮ್ಯಾನೇಜರರ ಕೈಗೆ ಒಪ್ಪಿಸಿ ಕುಟುಂಬ ಸಮೇತ ಹೊರಟೆವು. ನಾವು, ಪತ್ನಿ, ಎಪ್ಪತ್ತೆಂಟು ವರ್ಷದ ಅಮ್ಮ, ಐ.ಟಿ. ಕಂಪೆನಿಯಲ್ಲಿರುವ ಮಗ, ಕಾಲೇಜು ಓದುವ ಮಗಳು, ಹೀಗೆ ಐದು ಮಂದಿ. ಅದರ ಅನುಭವವನ್ನು ಸದಸ್ಯ ಬಾಂಧವರ ಜೊತೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮನೆಯೇ ಗಾಡಿಯಾದಾಗ

ಕ್ಯಾರವಾನ್ ಎಂದರೆ ಮಲಗಲು ಹಾಸಿಗೆ, ಸಣ್ಣ ಅಡುಗೆ ಕಟ್ಟೆ, ಫ್ರಿಜ್, ಶೌಚಾಲಯ ಎಲ್ಲವೂ ಇರುವ ಗಾಡಿ. ಸಿನಿಮಾದವರು ಶೂಟಿಂಗಿಗೆ ಬಳಸುವ ವ್ಯಾನಿಟಿ ವ್ಯಾನನ್ನು ನೋಡಿದವರಿಗೆ ಕಲ್ಪನೆ ಬರಬಹುದು. ಮಹಾರಾಷ್ಟ್ರ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ಒಂದು ನೀತಿಯನ್ನು ತಂದಿತು. ಕೇರಳ ಸರಕಾರವೂ ಅದೇ ವರ್ಷ ಅಂಥದೇ ಯೋಜನೆ ಮಾಡಿತು. ಚಾಲಕರ ಸಹಿತ ಬಾಡಿಗೆಗೆ ಗಾಡಿ ಕೊಡುವ ಖಾಸಗಿಯವರು ಈಗ ಮುಂಬಯಿಯಲ್ಲಿ ಸಿಗುತ್ತಾರೆ.

ನಮಗೆ ಸಿಕ್ಕಿದ್ದು ಟೆಂಪೋ ಟ್ರಾವೆಲರಿನ ಮೇಲೆ ಕಟ್ಟಿದ ಗಾಡಿ. ನಾಲ್ಕು ಜನ ಮಲಗಬಹುದು. ಮಗನಿಗೂ ಚಾಲಕರಿಗೂ ತಂಗಿದಲ್ಲೆಲ್ಲ ಒಂದು ಕೋಣೆ ಮಾಡಿದೆವು. ಇಡೀ ದಿನ ಗಾಡಿ ಓಡಿಸಿದವರಿಗೆ ಸೀಟಿನ ಮೇಲೆ ಮಲಗಿ ಎನ್ನಬಾರದು. ನಮ್ಮ ಹೊಟೇಲಿನ ಹುಡುಗರಿಗೆ ಮಲಗಲು ಜಾಗ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ.

ಅಮ್ಮನ ಮಟ್ಟಿಗೆ ಈ ಗಾಡಿಯಿಂದ ದೊಡ್ಡ ಉಪಕಾರವಾಯಿತು. ವಯಸ್ಸಾದವರು ಪ್ರವಾಸಕ್ಕೆ ಹಿಂಜರಿಯುವುದು ಶೌಚಾಲಯದ ಚಿಂತೆಯಿಂದ. ಆ ಚಿಂತೆ ಇಲ್ಲವಾದರೆ ಅವರೂ ಮಕ್ಕಳಂತೆ ಕಿಟಕಿಯ ಬಳಿ ಕುಳಿತುಕೊಳ್ಳುತ್ತಾರೆ.

ಭಾವುಚಾ ಧಕ್ಕೆಯಿಂದ ಆರಂಭ

ನಾನಾ ಚೌಕದಿಂದ ಬೆಳಗ್ಗೆ ಐದೂವರೆಗೆ ಹೊರಟು ಭಾವುಚಾ ಧಕ್ಕೆ ತಲುಪಿದೆವು. ಇಲ್ಲಿಂದ ಮಾಂಡ್ವಾಕ್ಕೆ 2020ರ ಮಾರ್ಚ್‌ನಿಂದ ರೋ-ರೋ ಹಡಗು ಇದೆ. ಗಾಡಿಯನ್ನೇ ಹಡಗಿಗೆ ಹತ್ತಿಸಿ ನಾವು ಮೇಲಿನ ಮಹಡಿಗೆ ಹೋಗಿ ಕುಳಿತರೆ ಸುಮಾರು ಒಂದು ಗಂಟೆಯಲ್ಲಿ ಆಚೆ ದಡ. ಪನ್ವೇಲ್, ಪೇಣ್ ಸುತ್ತಿಕೊಂಡು ಟ್ರಾಫಿಕ್ಕಿನಲ್ಲಿ ಹೋಗುವ ಕಷ್ಟವಿಲ್ಲ.

ಹಡಗಿನಲ್ಲಿ ಕುಳಿತಾಗ ಅಮ್ಮ ಒಂದು ವಿಷಯ ನೆನಪಿಸಿದರು. ರಸ್ತೆ, ರೈಲು ಇಲ್ಲದ ಕಾಲದಲ್ಲಿ ನಮ್ಮ ಕಡೆಯ ಹಿರಿಯರು ಅನೇಕರು ಹಡಗಿನಲ್ಲೇ ಮುಂಬಯಿಗೆ ಬಂದವರು. ಹೊಟೇಲಿನಲ್ಲಿ ಕಪ್ಪು ತೊಳೆಯುವ ಕೆಲಸಕ್ಕೆ ಸೇರಿ, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಮಾಲೀಕರಾದವರು. ನಾವೂ ಹತ್ತನೇ ತರಗತಿ ಮುಗಿಸಿದ್ದು ರಾತ್ರಿ ಶಾಲೆಯಲ್ಲಿಯೇ. ಅವರು ಬಂದ ಕಡಲ ದಾರಿಯಲ್ಲೇ ನಾವು ಹಿಂದಕ್ಕೆ ಹೋಗುತ್ತಿದ್ದೇವೆ ಎಂದು ಮಗಳಿಗೆ ಹೇಳಿದೆವು. ಅವಳು ಮೊಬೈಲು ಕೆಳಗಿಟ್ಟು ಕೇಳಿದಳು.

ಮಾಂಡ್ವಾದಿಂದ ಅಲಿಬಾಗ್, ಕಾಶಿದ್, ಮುರುಡ್. ಅಲ್ಲಿಂದ ಮುಂದೆ ಕೊಂಕಣದ ದಾರಿಯಲ್ಲಿ ಖಾರಿಗಳು, ಅಂದರೆ ನಮ್ಮ ಅಳಿವೆಗಳು, ಅಡ್ಡ ಬರುತ್ತವೆ. ಸೇತುವೆಗಾಗಿ ಒಳನಾಡಿಗೆ ಸುತ್ತು ಹಾಕುವ ಬದಲು ಗಾಡಿ ಸಾಗಿಸುವ ಫೆರಿಗಳಲ್ಲಿ ದಾಟಬಹುದು. ಅಗರದಾಂಡಾದಿಂದ ದಿಘಿ, ಬಾಗಮಾಂಡ್ಲಾದಿಂದ ವೇಶ್ವಿ, ದಾಭೋಳದಿಂದ ಧೋಪಾವೆ, ತವಸಾಳದಿಂದ ಜಯಗಡ, ಹೀಗೆ ನಾಲ್ಕು ಫೆರಿ ದಾಟಿ ಗಣಪತಿಪುಳೆ ತಲುಪಿದೆವು. ಉದ್ದನೆಯ ಗಾಡಿಯ ಹಿಂಭಾಗ ಜೆಟ್ಟಿಯ ಇಳಿಜಾರಿನಲ್ಲಿ ನೆಲಕ್ಕೆ ತಾಗುವ ಸಂಭವವಿದೆ. ಚಾಲಕರು ಮೊದಲು ಇಳಿದು ನೋಡಿಯೇ ಹತ್ತಿಸುತ್ತಿದ್ದರು.

ತೀರದ ನಡಿಗೆಗಳು

ಗಲ್ಲಾದಲ್ಲಿ ಹದಿನಾಲ್ಕು ಗಂಟೆ ಕುಳಿತು ಸಕ್ಕರೆ ಕಾಯಿಲೆ, ಮೊಣಕಾಲು ನೋವು ತಂದುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಅದಕ್ಕಾಗಿ ದಿನಕ್ಕೆ ಒಂದು ಸಲವಾದರೂ ಕಡಲ ದಂಡೆಯಲ್ಲಿ ನಡೆಯಬೇಕೆಂದು ನಿಯಮ ಮಾಡಿಕೊಂಡೆವು.

ಹರಿಹರೇಶ್ವರದಲ್ಲಿ ದೇವಸ್ಥಾನದ ಹಿಂದಿನಿಂದ ಪ್ರದಕ್ಷಿಣೆಯ ದಾರಿ ಇದೆ. ಮೆಟ್ಟಿಲು ಹತ್ತಿ, ಎರಡು ಬಂಡೆಗಳ ನಡುವಿನ ಇಕ್ಕಟ್ಟಿನ ಸಂದಿಯಲ್ಲಿ ಕಡಲಿಗೆ ಇಳಿದು, ಬಂಡೆಯ ಹಾಸಿನ ಮೇಲೆ ಗುಡ್ಡಕ್ಕೆ ಒಂದು ಸುತ್ತು ಬರುವುದು. ಅಲೆಯ ಉಪ್ಪು ನೀರು ಕೊರೆದು ಬಂಡೆಗಳ ಮೈ ಜೇನುಗೂಡಿನಂತೆ ಆಗಿದೆ. ಆದರೆ ಇದು ಇಳಿತದ ಹೊತ್ತಿನಲ್ಲಿ ಮಾತ್ರ ನಡೆಯುವ ದಾರಿ. ಉಬ್ಬರ ಬಂದರೆ ಅಲೆ ಬಂಡೆಗೆ ಅಪ್ಪಳಿಸುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಉಬ್ಬರ ಇನ್ನೂ ಜೋರು. ಊರಿನವರನ್ನು ಕೇಳದೆ ಇಳಿಯಬೇಡಿ.

ಮಾಲವಣದಲ್ಲಿ ಕಡಲ ನಡುವೆ ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಲು ಆರಂಭಿಸಿದ ಸಿಂಧುದುರ್ಗ ಕೋಟೆಯನ್ನು ನೋಡಿ, ಸಂಜೆ ತಾರ್ಕರ್ಲಿಯ ಬಿಳಿ ಮರಳಿನಲ್ಲಿ ನಡೆದೆವು. ಮರಳು ಗಟ್ಟಿಯಾಗಿರುವುದರಿಂದ ಅಮ್ಮನೂ ಕೋಲು ಹಿಡಿದು ಸ್ವಲ್ಪ ದೂರ ಬಂದರು.

ಎಲ್ಲಕ್ಕಿಂತ ಒಳ್ಳೆಯ ನಡಿಗೆ ಗೋಕರ್ಣದ್ದು. ಊರಿನ ಕಡಲ ತೀರದಿಂದ ದಕ್ಷಿಣದ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಇನ್ನೊಂದು ಗುಡ್ಡ ದಾಟಿದರೆ ಓಂ ಬೀಚ್, ಅಲ್ಲಿಂದ ಮುಂದೆ ಹಾಫ್ ಮೂನ್, ಪ್ಯಾರಡೈಸ್. ಬೆಳಗ್ಗೆ ಆರೂವರೆಗೆ ಹೊರಟು ಎರಡು ಗಂಟೆಯಲ್ಲಿ ನಾವು ಓಂ ಬೀಚಿನಲ್ಲಿ ಚಹಾ ಕುಡಿಯುತ್ತಿದ್ದೆವು. ಮಕ್ಕಳಿಬ್ಬರು ಇನ್ನೂ ಉತ್ಸಾಹದಲ್ಲಿ ಮರುದಿನ ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿ ನದಿ ದಾಟಿ ತೀರದುದ್ದಕ್ಕೂ ಕುಮಟೆಯ ವರೆಗೆ ನಡೆದರು. ನಾವು ಗಾಡಿಯಲ್ಲಿ ಮಿರ್ಜಾನಿನ ಮೇಲೆ ಹೋಗಿ ಅವರನ್ನು ಎದುರುಗೊಂಡೆವು.

ಹೆಸರು ಬೇರೆ, ಅಕ್ಕಿ ಕಾಯಿ ಒಂದೇ

ಇನ್ನು ನಮ್ಮ ಉದ್ಯಮಕ್ಕೆ ಸಂಬಂಧಪಟ್ಟ ಮುಖ್ಯ ವಿಷಯ. ದೊಡ್ಡ ಹೊಟೇಲುಗಳನ್ನು ಬಿಟ್ಟು ಕೊಂಕಣದಲ್ಲಿ ಮನೆಯವರೇ ನಡೆಸುವ ಖಾಣಾವಳಿಗಳಲ್ಲಿ ಊಟ ಮಾಡಿದೆವು. ಬೆಳಗ್ಗೆಯೇ ಫೋನಿನಲ್ಲಿ ಇಷ್ಟು ಜನ ಎಂದು ಹೇಳಬೇಕು. ಅಷ್ಟಕ್ಕೇ ಅಕ್ಕಿ ಹಾಕುತ್ತಾರೆ, ಅಷ್ಟಕ್ಕೇ ಮೀನು ತರುತ್ತಾರೆ. ಮಧ್ಯಾಹ್ನ ಎರಡೂವರೆಗೆ ಪಾತ್ರೆ ಖಾಲಿ.

ಮಾಲವಣದ ಒಂದು ಮನೆಯಲ್ಲಿ ಬೆಳಗ್ಗೆ ಘಾವಣ್ ಕೊಟ್ಟರು. ಅಕ್ಕಿ ಹಿಟ್ಟನ್ನು ತೆಳ್ಳಗೆ ಕಲಸಿ ಕಾವಲಿಗೆ ಎರಚಿ ಮಾಡಿದ, ತೂತು ತೂತಾದ ಬಿಳಿ ದೋಸೆ. ಅಮ್ಮ ಒಂದು ತುಂಡು ಬಾಯಿಗಿಟ್ಟು, "ಇದ್ ನಮ್ಮನಿ ನೀರ್ ದ್ವಾಸಿಯೇ ಅಲ್ದಾ, ಹೆಸ್ರ್ ಮಾತ್ರ ಬ್ಯಾರೆ" ಎಂದರು. ಮನೆಯೊಡತಿಗೆ ಕನ್ನಡ ಬಾರದು, ಅಮ್ಮನಿಗೆ ಮಾಲವಣಿ ಬಾರದು. ಆದರೂ ಇಬ್ಬರೂ ಕಾವಲಿಯ ಮುಂದೆ ನಿಂತು ಕೈಸನ್ನೆಯಲ್ಲೇ ಅರ್ಧ ಗಂಟೆ ಮಾತನಾಡಿದರು.

ಅಂದಿನಿಂದ ಮಗಳು ಒಂದು ನೋಟ್ ಪುಸ್ತಕದಲ್ಲಿ ಪಟ್ಟಿ ಮಾಡತೊಡಗಿದಳು. ಮಾಲವಣದ ಶಿರ್ವಾಳೆ ಎಂದರೆ ಒತ್ತು ಶ್ಯಾವಿಗೆಗೆ ಬೆಲ್ಲದ ಕಾಯಿಹಾಲು. ನಮ್ಮ ಮನೆಗಳಲ್ಲಿ ಮಾಡುವ ಶ್ಯಾವಿಗೆಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ. ಅರಶಿನ ಎಲೆಯಲ್ಲಿ ಅಕ್ಕಿ ಹಿಟ್ಟು ಹಚ್ಚಿ, ಕಾಯಿ ಬೆಲ್ಲ ತುಂಬಿ, ಮಡಚಿ ಬೇಯಿಸುವ ಕಡುಬು ಗೋವಾದಲ್ಲಿ ಪಾತೊಳ್ಯೊ, ನಮ್ಮಲ್ಲಿ ಪತ್ತೋಳಿ ಅಥವಾ ಅರಶಿನ ಎಲೆಯ ಗಟ್ಟಿ. ಕೋಳಿ ಸಾರಿಗೆ ಮಾಲವಣದವರು ವಡೆ ಇಟ್ಟರೆ ಕುಂದಾಪುರದವರು ಉದ್ದಿನ ದೋಸೆ ಇಡುತ್ತಾರೆ, ಮಂಗಳೂರಿನ ಕಡೆ ಕೋರಿ ರೊಟ್ಟಿ.

ಕೋಕಂ ಹಣ್ಣಿನ ಕತೆ ಇನ್ನೂ ಸ್ವಾರಸ್ಯ. ಅದರ ಒಣಗಿದ ಸಿಪ್ಪೆ ರತ್ನಾಗಿರಿಯಲ್ಲಿ ಆಮ್ಸೂಲ್. ಅದಕ್ಕೆ ತೆಂಗಿನ ಹಾಲು ಬೆರೆಸಿದರೆ ಸೋಲ್ ಕಢಿ. ಕೊಂಕಣಿಯಲ್ಲಿ ಹಣ್ಣು ಬಿರಿಂಡಾ, ಉತ್ತರ ಕನ್ನಡದಲ್ಲಿ ಮುರುಗಲು, ತುಳುನಾಡಿಗೆ ಬಂದರೆ ಪುನರ್ಪುಳಿ. ಬಂಗುಡೆಯ ಸಾರಿಗೆ ಹಾಕುವ ಘಮಘಮ ಕಾಯಿ ಮಾಲವಣದಲ್ಲಿ ತಿರ್ಫಳ, ಕಾರವಾರದ ಕಡೆ ತೆಪ್ಪಲ, ನಮ್ಮಲ್ಲಿ ಜುಮ್ಮನ ಕಾಯಿ. ಮೂರು ರಾಜ್ಯ, ನಾಲ್ಕೈದು ಭಾಷೆ, ಅಡುಗೆ ಮನೆ ಮಾತ್ರ ಒಂದೇ.

ಕೊಳ್ಳುವ ಸಾಮಾನೂ ಹಾಗೆಯೇ. ಅಲಿಬಾಗಿನಲ್ಲಿ ಬಿಳಿ ಈರುಳ್ಳಿಯನ್ನು ಜಡೆ ಹೆಣೆದು ಮಾರುತ್ತಾರೆ. ಅದಕ್ಕೆ ಜಿ.ಐ. ಮಾನ್ಯತೆಯೂ ದೊರೆತಿದೆ. ಬೇಸಗೆಯಲ್ಲಿ ಕುಮಟೆಯ ಹೆದ್ದಾರಿ ಬದಿಯಲ್ಲೂ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತವೆ. ಶ್ರೀವರ್ಧನದಲ್ಲಿ ರೋಠಾ ಅಡಿಕೆ, ಗೋಕರ್ಣದ ಬಳಿ ಸಾಣಿಕಟ್ಟೆಯ ಉಪ್ಪು, ಅಘನಾಶಿನಿಯ ಉಪ್ಪು ನೀರಿನ ಗಜನಿಗಳಲ್ಲಿ ಬೆಳೆಯುವ ಕಗ್ಗ ಭತ್ತ. ಭಾಜಿ ಗಲ್ಲಿಯಲ್ಲಿ ದರ ಕೇಳಿ ಚೀಲ ಹಿಡಿಯುವ ನಮಗೆ ಇವುಗಳನ್ನು ಬೆಳೆದಲ್ಲೇ ನೋಡುವುದು ಒಂದು ಪಾಠ.

ಶಿರೂರಿನಲ್ಲಿ ಸ್ವಲ್ಪ ಹೊತ್ತು

ಗೋವಾ ದಾಟಿ ಕರ್ನಾಟಕ ಪ್ರವೇಶಿಸಿದ ಮೇಲೆ ಕಾರವಾರದಲ್ಲಿ ಕಾಳಿ ನದಿ. ಇಲ್ಲಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದುದನ್ನು ಸದಸ್ಯರು ಪತ್ರಿಕೆಗಳಲ್ಲಿ ಓದಿರಬಹುದು. ಹೊಸ ಸೇತುವೆಯ ಮೇಲೆ ದಾಟುವಾಗ ಎಲ್ಲರೂ ಸುಮ್ಮನಿದ್ದೆವು.

ಅಲ್ಲಿಂದ ಮುಂದೆ ಅಂಕೋಲಾ ತಾಲೂಕಿನ ಶಿರೂರು. 2024ರ ಜುಲೈ 16ರಂದು ಬೆಳಗ್ಗೆ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಯ ವರೆಗೆ ಮಣ್ಣು ಬಂದು ಬಿದ್ದ ಸ್ಥಳ. ಅಲ್ಲಿ ರಸ್ತೆ ಬದಿಯಲ್ಲಿ ಒಂದು ಸಣ್ಣ ಚಹಾ ಹೊಟೇಲು ಇತ್ತು. ಲಾರಿ ಚಾಲಕರು ನಿಲ್ಲಿಸಿ ಚಹಾ ತಿಂಡಿ ಮಾಡಿಕೊಂಡು ಹೋಗುತ್ತಿದ್ದ ಜಾಗ. ಹೊಟೇಲು ನಡೆಸುತ್ತಿದ್ದ ದಂಪತಿ ಮತ್ತು ಅವರ ಮಕ್ಕಳು ಮಣ್ಣಿನಡಿ ಜೀವ ಬಿಟ್ಟರು. ಚಹಾಕ್ಕೆಂದು ನಿಲ್ಲಿಸಿದ ಚಾಲಕರೂ ಹೋದರು.

ಅವರು ಯಾವ ಸಂಘದ ಸದಸ್ಯರೂ ಆಗಿರಲಿಕ್ಕಿಲ್ಲ. ಆದರೆ ಬೆಳಗಾಗುವ ಮೊದಲು ಒಲೆ ಹಚ್ಚಿ, ಬಂದವರಿಗೆ ಬಿಸಿ ಚಹಾ ಕೊಡುವ ಕೆಲಸ ಅವರದ್ದೂ ನಮ್ಮದೂ ಒಂದೇ. ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕೈ ಮುಗಿದು ಮುಂದೆ ಸಾಗಿದೆವು. ಆ ದಿನ ಮಧ್ಯಾಹ್ನದ ವರೆಗೆ ಗಾಡಿಯಲ್ಲಿ ಹಾಡು ಹಾಕಲಿಲ್ಲ.

ಕಾಸರಕೋಡಿನ ರಾತ್ರಿ

ಹೊನ್ನಾವರದಲ್ಲಿ ಶರಾವತಿ ದಾಟಿದರೆ ಕಾಸರಕೋಡು. ಇಲ್ಲಿಯ ಇಕೋ ಬೀಚ್ ಮತ್ತು ನಮ್ಮ ಪಡುಬಿದ್ರಿಯ ಬೀಚ್ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ಹತ್ತಿರದ ಲಾಡ್ಜಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಪತ್ನಿ ಕುಚ್ಚಲಕ್ಕಿ ಗಂಜಿಗೆ ಇಟ್ಟರು. ಬಂಗುಡೆ ಹುರಿದದ್ದು, ಉಪ್ಪಿನಕಾಯಿ. ಒಂಬತ್ತು ದಿನಗಳಲ್ಲಿ ಎಲ್ಲರಿಗೂ ಇಷ್ಟವಾದ ಊಟ ಅದೇ.

ಊಟದ ನಂತರ ಮಗ ವಿಷಯ ಎತ್ತಿದ. ನಮ್ಮ ಹೊಟೇಲನ್ನು ಕಂಡಕ್ಟಿಂಗಿಗೆ ಕೊಡುವ ಮಾತು ಎರಡು ವರ್ಷದಿಂದ ಮನೆಯಲ್ಲಿ ನಡೆಯುತ್ತಿತ್ತು. ಕಟ್ಟಡ ಹಳೆಯದು, ರೀಡೆವಲಪ್‌ಮೆಂಟಿನ ಸುದ್ದಿ ಆಗಾಗ ಬರುತ್ತದೆ. ಕೆಲಸಕ್ಕೆ ಊರಿನ ಹುಡುಗರು ಸಿಗುವುದಿಲ್ಲ. ನಮಗೂ ವಯಸ್ಸಾಯಿತು. ಮಗನಿಗೆ ಗಲ್ಲಾದಲ್ಲಿ ಕೂರುವ ಮನಸ್ಸಿರಲಿಲ್ಲ, ನಾವೂ ಒತ್ತಾಯ ಮಾಡಿದವರಲ್ಲ. ಇದು ಇಂದು ನಮ್ಮಲ್ಲಿ ಹೆಚ್ಚಿನವರ ಮನೆಯ ಕತೆ.

ಅವನು ಲ್ಯಾಪ್‌ಟಾಪಿನಲ್ಲಿ ಬಿಲ್ಲಿಂಗ್ ಮಶಿನಿನ ಲೆಕ್ಕ ತೆಗೆದು ತೋರಿಸಿದ. ಮೆನು ಕಾರ್ಡಿನಲ್ಲಿ ನೂರ ಅರುವತ್ತು ಐಟಂ. ಅವುಗಳಲ್ಲಿ ತಿಂಗಳಲ್ಲಿ ಒಂದು ಸಲವೂ ಹೋಗದವು ನಲವತ್ತಕ್ಕೂ ಹೆಚ್ಚು, ಬಹುಪಾಲು ಪಂಜಾಬಿ, ಚೈನೀಸ್. ಅವಕ್ಕಾಗಿ ಗ್ರೇವಿ ಮಾಡಿ ಫ್ರಿಜ್ಜಿನಲ್ಲಿಡುವ ಖರ್ಚು ಬೇರೆ. "ಅಪ್ಪ, ದಾರಿಯಲ್ಲಿ ಊಟ ಮಾಡಿದ ಖಾಣಾವಳಿಯಲ್ಲಿ ಆರೇ ಐಟಂ ಇತ್ತು. ಜನ ಫೋನ್ ಮಾಡಿ ಬರ್ತಾರೆ. ಅಜ್ಜಿ ಮಾಡುವುದನ್ನು ನಾವು ಯಾಕೆ ಮಾರುವುದಿಲ್ಲ?" ಎಂದ.

ಗ್ರಾಂಟ್ ರೋಡಿನಲ್ಲಿ ಗಿರಾಕಿ ಅವಸರದವರು, ಬಾಡಿಗೆ, ಕರೆಂಟು, ಗ್ಯಾಸಿನ ಖರ್ಚು ಹಳ್ಳಿಯಂತಲ್ಲ, ಖಾಣಾವಳಿಯ ಲೆಕ್ಕ ಇಲ್ಲಿ ನಡೆಯದು ಎಂದು ನಾವು ಹೇಳಿದೆವು. ಇಡೀ ಮೆನು ಬದಲಿಸಬೇಡಿ, ವಾರಕ್ಕೆ ಎರಡು ದಿನ ಬೆಳಗ್ಗೆ ಮಾತ್ರ ನೋಡಿ ಎಂದು ಅವನು ಹೇಳಿದ. ಅಮ್ಮ ಮಧ್ಯೆ ಬಾಯಿ ಹಾಕಲಿಲ್ಲ. ಆದರೆ ಮರುದಿನ ಬೆಳಗ್ಗೆ ಮೊಮ್ಮಗನನ್ನು ಕರೆದು, ನೀರುದೋಸೆಗೆ ಅಕ್ಕಿ ಎಷ್ಟು ಹೊತ್ತು ನೆನೆಯಬೇಕೆಂದು ವಿವರಿಸುತ್ತಿದ್ದುದು ನಮ್ಮ ಕಿವಿಗೆ ಬಿತ್ತು.

ಕೊನೆಯ ದಿನ ಮುರ್ಡೇಶ್ವರ, ಭಟ್ಕಳ ದಾಟಿ, ಒಂದು ಬದಿ ಸೌಪರ್ಣಿಕಾ ನದಿ, ಇನ್ನೊಂದು ಬದಿ ಕಡಲು ಇರುವ ಮರವಂತೆಯಲ್ಲಿ ಇಳಿದು ನಡೆದು ಊರು ಸೇರಿದೆವು. ಭಟ್ಕಳದಲ್ಲಿ ನವಾಯತರ ಬಿರಿಯಾನಿ ತಿನ್ನದೆ ಬರಬೇಡಿ.

ಹೋಗುವವರಿಗೆ ಕೆಲವು ಸೂಚನೆ

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಸಮಯ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ತಾಜಾ ಮೀನು ವಿರಳ, ಕಡಲೂ ಅಪಾಯಕಾರಿ.

ಗಾಡಿಯನ್ನು ರಾತ್ರಿ ಬೀಚಿನಲ್ಲಿ ನಿಲ್ಲಿಸಬೇಡಿ. ಕರೆಂಟು ಪ್ಲಗ್ ಕೊಡುವ ಲಾಡ್ಜ್ ಅಥವಾ ಹೋಂಸ್ಟೇಯ ಅಂಗಳ ಮೊದಲೇ ಗೊತ್ತು ಮಾಡಿ. ಬ್ಯಾಟರಿಯಲ್ಲಿ ಎ.ಸಿ. ಹೆಚ್ಚು ಹೊತ್ತು ನಡೆಯುವುದಿಲ್ಲ.

ನೀರಿನ ಟ್ಯಾಂಕಿ ದಿನವೂ ತುಂಬಿಸಿ. ಶೌಚಾಲಯದ ಟ್ಯಾಂಕಿಯನ್ನು ತಂಗಿದಲ್ಲಿ ಅನುಮತಿ ಪಡೆದು ಅವರ ಗುಂಡಿಗೇ ಖಾಲಿ ಮಾಡಿಸಿ, ತೋಡಿಗೂ ಕಡಲಿಗೂ ಬಿಡಬೇಡಿ.

ಗಾಡಿ ಓಡುವಾಗ, ಫೆರಿಯಲ್ಲಿರುವಾಗ ಗ್ಯಾಸಿನ ವಾಲ್ವ್ ಬಂದ್ ಇರಲಿ. ನಮ್ಮ ಕಿಚನಿನಲ್ಲಿ ಇರುವ ಶಿಸ್ತು ಅಲ್ಲಿಯೂ ಇರಲಿ.

ಒಂಬತ್ತು ದಿನ ಸಾಧ್ಯವಿಲ್ಲದವರು ಹರಿಹರೇಶ್ವರದ ವರೆಗೆ ಮೂರು ದಿನದ ಪ್ರವಾಸ ಮಾಡಬಹುದು. ಕ್ಯಾರವಾನ್ ದುಬಾರಿ ಎನಿಸಿದರೆ ಸ್ವಂತ ಕಾರೂ ಸಾಕು. ಮುಖ್ಯವಾದುದು ಹಗಲಿನಲ್ಲಿ ಹೋಗುವುದು, ದಾರಿಯಲ್ಲಿ ನಿಲ್ಲುವುದು.

ಈಗ ನಮ್ಮಲ್ಲಿ ಬುಧವಾರ ಮತ್ತು ಶನಿವಾರ ಬೆಳಗ್ಗೆ ಹನ್ನೊಂದರ ವರೆಗೆ ನೀರುದೋಸೆ, ಶ್ಯಾವಿಗೆ ಕಾಯಿಹಾಲು ಇದೆ. ರೈಸ್ ಪ್ಲೇಟಿನ ಜೊತೆ ಸೋಲ್ ಕಢಿ ಕೊಡುತ್ತೇವೆ. ಮೆನು ಕಾರ್ಡಿನಿಂದ ನಲವತ್ತು ಐಟಂ ತೆಗೆದಿದ್ದೇವೆ. ಮರಾಠಿ ಗಿರಾಕಿಗಳು ಘಾವಣ್ ಎಂದು ಕೇಳಿ ತಿನ್ನುತ್ತಾರೆ, ಮಂಗಳೂರಿನವರು ನೀರುದೋಸೆ ಎಂದು ತಿನ್ನುತ್ತಾರೆ. ಭಟ್ಟರು ಎರಡಕ್ಕೂ ಒಂದೇ ಹಿಟ್ಟು ಎರಚುತ್ತಾರೆ. ವ್ಯಾಪಾರ ಒಮ್ಮೆಲೇ ಏರಿದೆ ಎಂದರೆ ಅತಿಶಯೋಕ್ತಿಯಾದೀತು. ಆದರೆ ಬಿಸಾಡುವುದು ಕಡಿಮೆಯಾಗಿದೆ ಎಂಬುದು ನಿಜ.

ಕಂಡಕ್ಟಿಂಗಿನ ಮಾತು ಪೂರ್ತಿ ನಿಂತಿಲ್ಲ. ಒಂದು ವರ್ಷ ನೋಡೋಣ ಎಂದಷ್ಟೇ ಆಗಿದೆ. ಮಗ ಕಂಪೆನಿಯ ಕೆಲಸ ಬಿಟ್ಟಿಲ್ಲ, ಬಿಡು ಎಂದು ನಾವೂ ಹೇಳಿಲ್ಲ. ಆದರೆ ರಜೆಯಿರುವ ಶನಿವಾರ ಬೆಳಗ್ಗೆ ಆರಕ್ಕೇ ಬಂದು ಕಾವಲಿಯ ಬಳಿ ನಿಲ್ಲುತ್ತಾನೆ. ಸದಸ್ಯ ಬಾಂಧವರು ಈ ಕಡೆ ಬಂದಾಗ ಅವಶ್ಯ ಬನ್ನಿ. ಶನಿವಾರವಾದರೆ ಹನ್ನೊಂದರ ಒಳಗೆ ಬರಬೇಕು, ಆಮೇಲೆ ಹಿಟ್ಟು ಇರುವುದಿಲ್ಲ.